ಗ್ರಾಫೀನ್‌ಗೆ ಬೆಳಕು ಕಾಣುತ್ತದೆ, ಹಿಡಿಯೋದೇ ಕಷ್ಟ

ಧಾರವಾಡದಲ್ಲಿ ನಮ್ಮ ಎಂ.ಎಸ್ಸಿ. ಸೆಮಿನಾರ್‌ನಲ್ಲಿ ಗ್ರಾಫೀನ್ (ಇಂಗಾಲದ ಪರಮಾಣುಗಳ ಒಂದೇ ಪದರದ ಹಾಳೆ) ಬಗ್ಗೆ ನಾನು ಮಾತು ಮುಗಿಸಿದ ಮೇಲೆ ಹಿಂದಿನ ಬೆಂಚಿನ ಗೆಳೆಯ ಕೇಳಿದ: "ಒಂದ ಪರಮಾಣುವಿನಷ್ಟ ದಪ್ಪ ಅಂತೀ, ಮತ್ತ ಬೆಳಕ ಹ್ಯಾಂಗ ಹಿಡೀತೈತಿ?" ನಾನು ತಡವರಿಸಿದೆ. ಮನೆಗೆ ಬಂದು ಲೆಕ್ಕ ಹಾಕಿದ ಟಿಪ್ಪಣಿ ಇದು.

ಮೊದಲು ಸಿಲಿಕಾನ್. ಅದರ ಬ್ಯಾಂಡ್ ಗ್ಯಾಪ್, ಅಂದರೆ ಒಳಗಿನ ಎಲೆಕ್ಟ್ರಾನನ್ನು ಬಿಡಿಸಲು ಬೆಳಕಿನ ಕಣ (ಫೋಟಾನ್) ಕೊಡಬೇಕಾದ ಕನಿಷ್ಠ ಶಕ್ತಿ, 1.12 ಎಲೆಕ್ಟ್ರಾನ್ ವೋಲ್ಟ್. ಶಕ್ತಿಯನ್ನು ಅಲೆಯ ಉದ್ದಕ್ಕೆ ಬದಲಿಸಲು 1240ನ್ನು ಅದರಿಂದ ಭಾಗಿಸಿದರೆ ಸುಮಾರು 1100 ನ್ಯಾನೊಮೀಟರ್. ಅದಕ್ಕಿಂತ ಉದ್ದದ ಅಲೆಗೆ ಸಿಲಿಕಾನ್ ಕುರುಡು. ಫೈಬರ್ ಕೇಬಲ್‌ನಲ್ಲಿ ದೂರ ಓಡುವ ಬೆಳಕು 1550 ನ್ಯಾನೊಮೀಟರ್ ಆಸುಪಾಸಿನದು, ಫೋಟಾನ್‌ಗೆ ಬರೀ 0.8 ಎಲೆಕ್ಟ್ರಾನ್ ವೋಲ್ಟ್ ಶಕ್ತಿ. ಗ್ರಾಫೀನ್‌ಗೆ ಗ್ಯಾಪೇ ಇಲ್ಲ, ಹಾಗಾಗಿ ಇದೂ ಅದಕ್ಕೆ ಕಾಣುತ್ತದೆ.

ಆದರೆ ಒಂದು ಪದರ ಹೀರುವುದು 2.3% ಮಾತ್ರ. ಕ್ಯಾಲ್ಕುಲೇಟರ್‌ನಲ್ಲಿ ಪೈಯನ್ನು 137ರಿಂದ ಭಾಗಿಸಿ ನೋಡಿ (1/137 ಅಂದರೆ ಭೌತಶಾಸ್ತ್ರದ ಒಂದು ಮೂಲ ಸ್ಥಿರಾಂಕ, ಹೆಚ್ಚುಕಡಿಮೆ), ಅದೇ ಬರುತ್ತದೆ. ನನಗೆ ಇವತ್ತಿಗೂ ಮೈ ಜುಮ್ಮೆನ್ನುವ ಲೆಕ್ಕ! 0.34 ನ್ಯಾನೊಮೀಟರ್ ದಪ್ಪಕ್ಕೆ ಇದು ಜಾಸ್ತಿಯೇ. ಬೆಳಕನ್ನು ಕರೆಂಟ್ ಮಾಡುವ ಸಾಧನಕ್ಕೆ ಮಾತ್ರ ಸಾಲದು. 1550ರಲ್ಲಿ ಒಂದು ವ್ಯಾಟ್ ಬೆಳಕಿನ ಪ್ರತಿ ಫೋಟಾನ್ ಒಂದು ಎಲೆಕ್ಟ್ರಾನ್ ಕೊಟ್ಟರೆ 1.25 ಆಂಪಿಯರ್. ಅದರ 2.3% ಅಂದರೆ 29 ಮಿಲಿ ಆಂಪಿಯರ್. ಅದೂ ಪೂರ್ತಿ ಸಿಗಲ್ಲ, ಹುಟ್ಟಿದ ಎಲೆಕ್ಟ್ರಾನ್ ಮತ್ತು ಹೋಲ್ (ಅದು ಬಿಟ್ಟುಹೋದ ಖಾಲಿ ಜಾಗ) ಕೆಲವೇ ಪಿಕೋಸೆಕೆಂಡಿನಲ್ಲಿ (ಸೆಕೆಂಡಿನ ಲಕ್ಷ ಕೋಟಿಯಲ್ಲೊಂದು ಭಾಗ) ಮತ್ತೆ ಕೂಡಿಬಿಡುತ್ತವೆ. 2009ರಲ್ಲಿ ಐಬಿಎಂನವರು ಮಾಡಿದ ಸಾಧನ 40 ಗಿಗಾಹರ್ಟ್ಸ್‌ವರೆಗೂ ಸುಸ್ತಾಗಲಿಲ್ಲ, ಆದರೆ ಕೊಟ್ಟದ್ದು ವ್ಯಾಟ್‌ಗೆ ಅರ್ಧ ಮಿಲಿ ಆಂಪಿಯರ್.

ಗ್ಯಾಪ್ ಇಲ್ಲದ್ದಕ್ಕೆ ಇನ್ನೊಂದು ತಾಪತ್ರಯ. ವೋಲ್ಟೇಜ್ ಕೊಟ್ಟರೆ ಕತ್ತಲಲ್ಲೂ ಕರೆಂಟ್ ಹರಿಯುತ್ತದೆ.

ಹಾಗಾದರೆ ಹಿಡಿಯುವ ಕೆಲಸ ಬೇರೆಯವರಿಗೆ ಕೊಟ್ಟರೆ? 2012ರಲ್ಲಿ ಬಾರ್ಸಿಲೋನಾ ಹತ್ತಿರದ ಇಕ್ಫೋ ಸಂಸ್ಥೆಯವರು ಗ್ರಾಫೀನ್ ಮೇಲೆ ಸೀಸದ ಸಲ್ಫೈಡ್‌ನ ಕ್ವಾಂಟಮ್ ಡಾಟ್‌ಗಳನ್ನು (ಕೆಲವೇ ನ್ಯಾನೊಮೀಟರ್ ಗಾತ್ರದ ಹರಳುಗಳನ್ನು) ಹರಡಿದರು. ಡಾಟ್ ಬೆಳಕು ಹೀರುತ್ತದೆ. ಎಲೆಕ್ಟ್ರಾನ್ ಅಲ್ಲೇ ಸಿಕ್ಕಿಕೊಳ್ಳುತ್ತದೆ, ಹೋಲ್ ಗ್ರಾಫೀನ್‌ಗೆ ಇಳಿಯುತ್ತದೆ. ಇಬ್ಬರು ಗೆಳೆಯರು ಅಂದುಕೊಳ್ಳಿ. ಒಬ್ಬ ಸ್ಟಾಪಿನಲ್ಲಿ ನಿದ್ದೆ ಹೋದ. ಅವನು ಏಳುವವರೆಗೆ ಇನ್ನೊಬ್ಬ ಚಿಗರಿ ಬಸ್ ಹತ್ತಿ ಹುಬ್ಬಳ್ಳಿ-ಧಾರವಾಡ ಸುತ್ತುತ್ತಲೇ ಇದ್ದಾನೆ. ಪ್ರತಿ ಸುತ್ತಿಗೂ ಒಂದು ಟಿಕೆಟ್, ಆ ಟಿಕೆಟ್ಟೇ ಕರೆಂಟ್. (ನಿಜಕ್ಕೂ ಅದೇ ಹೋಲ್ ಸುತ್ತಲ್ಲ. ಒಂದು ಆಚೆ ಇಳಿದರೆ ಈಚೆಯಿಂದ ಇನ್ನೊಂದು ಹತ್ತುತ್ತದೆ.) ನಿದ್ದೆಯ ಸಮಯವನ್ನು ಒಂದು ಓಟದ ಸಮಯದಿಂದ ಭಾಗಿಸಿದರೆ ಗಳಿಕೆ. ಅವರಿಗೆ ಸಿಕ್ಕಿದ್ದು ವ್ಯಾಟ್‌ಗೆ ಸುಮಾರು ಒಂದು ಕೋಟಿ ಆಂಪಿಯರ್‌ನ ಲೆಕ್ಕ. ಗಾಬರಿ ಬೇಡ, ಇದು ತೀರಾ ಮಂದ ಬೆಳಕಿನಲ್ಲಿ ಅಳೆದ ಅನುಪಾತ, ಅಷ್ಟು ಕರೆಂಟ್ ಹರಿಯಲಿಲ್ಲ.

ಇದು ಸುಮ್ನೆ ಬಂದದ್ದಲ್ಲ. ನಿದ್ದೆ 10 ಮಿಲಿಸೆಕೆಂಡ್ ಅಂತಿಟ್ಟುಕೊಂಡರೆ ಸೆಕೆಂಡಿಗೆ ನೂರರ ಆಸುಪಾಸಿಗಿಂತ ಹೆಚ್ಚು ಮಿನುಗು ಗುರುತಿಸಲಾಗದು. ಫೈಬರ್‌ಗೆ ಇದು ಉಪಯೋಗವಿಲ್ಲ. ಕ್ಯಾಮೆರಾಗೆ ನಡೆಯುತ್ತದೆ ಅಲ್ವಾ? 2017ರಲ್ಲಿ ಅದೇ ಸಂಸ್ಥೆಯವರು ಇದೇ ಜೋಡಿಯನ್ನು ಸಿಲಿಕಾನ್ ಚಿಪ್ ಮೇಲೆ ಕೂರಿಸಿ 388 ಗುಣಿಸು 288 ಪಿಕ್ಸೆಲ್‌ಗಳ ಕ್ಯಾಮೆರಾ ಮಾಡಿದರು.