ವಕಾಲತ್ತಿಗೆ ಕಟ್ಟುಪಾಡು ತಂದ ಚರ್ಚ್ ನ್ಯಾಯಾಲಯಗಳು

ಕ್ರೈಸ್ತರು ತಮ್ಮ ವ್ಯಾಜ್ಯಗಳನ್ನು ಹೊರಗಿನವರ ನ್ಯಾಯಾಸನಕ್ಕೆ ಒಯ್ಯುವುದನ್ನು ಸಂತ ಪೌಲ ಕೊರಿಂಥದ ಸಭೆಗೆ ಬರೆದ ಪತ್ರದಲ್ಲಿ ಕಟುವಾಗಿ ಖಂಡಿಸಿದ್ದಾನೆ. ಹಾಗೆ ಕೋರ್ಟು ಕಚೇರಿಯನ್ನು ಅನುಮಾನದಿಂದ ಕಂಡ ಸಮುದಾಯವೇ ಸಾವಿರ ವರ್ಷಗಳ ತರುವಾಯ ಯುರೋಪಿನಾದ್ಯಂತ ತನ್ನದೇ ನ್ಯಾಯಾಲಯಗಳನ್ನು ನಡೆಸಿತು. ವಕೀಲಿ ವೃತ್ತಿಗೆ ಶಿಸ್ತು ಬಂದದ್ದರಲ್ಲಿ ಆ ನ್ಯಾಯಾಲಯಗಳ ಪಾಲು ದೊಡ್ಡದು.

ಸುಮಾರು 1140ರಲ್ಲಿ ಇಟಲಿಯ ಬೊಲೊನ್ಯದ ಕಾನೂನು ಪಂಡಿತ ಗ್ರೇಷಿಯನ್, ಒಂದಕ್ಕೊಂದು ವಿರುದ್ಧವಾಗಿದ್ದ ಚರ್ಚ್ ನಿಯಮಗಳನ್ನು ಒಟ್ಟುಗೂಡಿಸಿ ಹೊಂದಿಸಿದ. ಅಲ್ಲಿಂದ ಮುಂದೆ ಚರ್ಚ್ ಕಾನೂನು ಓದಿ ಕಲಿಯಬೇಕಾದ ವಿದ್ಯೆಯಾಯಿತು. 1215ರಲ್ಲಿ ರೋಮಿನಲ್ಲಿ ಸೇರಿದ ಚರ್ಚ್ ಮುಖಂಡರ ನಾಲ್ಕನೆಯ ಲ್ಯಾಟರನ್ ಮಹಾಸಭೆ, ಕಾದ ಕಬ್ಬಿಣ ಹಿಡಿಸಿ ಸತ್ಯ ಪರೀಕ್ಷಿಸುವ ದಿವ್ಯಗಳಿಗೆ ಪಾದ್ರಿಗಳು ಆಶೀರ್ವಾದ ನೀಡಕೂಡದೆಂದು ವಿಧಿಸಿತು. ಅದೇ ಸಭೆ, ವಿಚಾರಣೆಯ ಪ್ರತಿ ಹಂತವನ್ನೂ ಬರೆದಿಡಬೇಕು, ಅದರ ನಕಲನ್ನು ಉಭಯ ಪಕ್ಷಗಳಿಗೂ ಕೊಡಬೇಕು, ಮೂಲಪ್ರತಿ ಬರಹಗಾರನ ಬಳಿ ಉಳಿಯಬೇಕು ಎಂದೂ ಆಜ್ಞಾಪಿಸಿತು. ನ್ಯಾಯಾಧೀಶನ ನಡೆಯ ಬಗ್ಗೆಯೇ ತಕರಾರು ಎದ್ದರೆ ಕಡತ ಸಾಕ್ಷಿ ನುಡಿಯಲಿ ಎಂಬುದು ಅದರ ಉದ್ದೇಶವಾಗಿತ್ತು. ಸಾಮಾನ್ಯ ಕಕ್ಷಿದಾರನಿಗೆ ಇದಕ್ಕಿಂತ ದೊಡ್ಡ ರಕ್ಷಣೆ ಆ ಕಾಲದಲ್ಲಿ ಮತ್ತೊಂದಿರಲಿಲ್ಲವೆಂದೇ ನಾನು ಭಾವಿಸುತ್ತೇನೆ.

1274ರ ಎರಡನೆಯ ಲಿಯೋನ್ ಮಹಾಸಭೆ ವಕೀಲರನ್ನೇ ಕಟ್ಟುಪಾಡಿಗೆ ಒಳಪಡಿಸಿತು. ಚರ್ಚ್ ನ್ಯಾಯಾಲಯದ ವಕೀಲರು ಸತ್ಯವೂ ನ್ಯಾಯವೂ ಎಂದು ತಾವು ನಂಬಿದ್ದನ್ನು ಮಾತ್ರ ಸಮರ್ಥಿಸುವುದಾಗಿ ಪ್ರತಿವರ್ಷ ಪ್ರಮಾಣ ಮಾಡಬೇಕಿತ್ತು. ಪ್ರಕರಣ ಅನ್ಯಾಯದ್ದೆಂದು ನಡುವೆ ಮನವರಿಕೆಯಾದರೆ ವಕಾಲತ್ತನ್ನು ಕೈಬಿಡಬೇಕಿತ್ತು. ಶುಲ್ಕ 20 ಲಿವ್ರ್ (ಆಗಿನ ಫ್ರೆಂಚ್ ಹಣ) ದಾಟುವಂತಿರಲಿಲ್ಲ, ಹೆಚ್ಚು ಪಡೆದರೆ ಹಿಂತಿರುಗಿಸಬೇಕಿತ್ತು. ಇಂದಿನ ಫ್ರಾನ್ಸಿನ ಬ್ರಿಟನಿ ಪ್ರಾಂತ್ಯದ ಪಾದ್ರಿ ಈವ್ ಇದೇ ಕಾಲದವನು. ಚರ್ಚ್ ನ್ಯಾಯಾಧೀಶನಾಗಿದ್ದ ಈತ ಬಡವರ ಪರ ವಾದಿಸಿ ಹೆಸರಾದ. 1347ರಲ್ಲಿ ಸಂತ ಪದವಿಗೇರಿದ ಈತನನ್ನು ವಕೀಲರು ತಮ್ಮ ಪಾಲಕ ಸಂತನೆಂದು ಇಂದಿಗೂ ಸ್ಮರಿಸುತ್ತಾರೆ.

ಇಂಗ್ಲೆಂಡಿನಲ್ಲಿ ಎಂಟನೆಯ ಹೆನ್ರಿ 1535ರಲ್ಲಿ ವಿಶ್ವವಿದ್ಯಾಲಯಗಳಲ್ಲಿ ಚರ್ಚ್ ಕಾನೂನಿನ ಬೋಧನೆಯನ್ನು ನಿಷೇಧಿಸಿದರೂ ಚರ್ಚ್ ನ್ಯಾಯಾಲಯಗಳು ಉಳಿದುಕೊಂಡವು. ಮದುವೆ ಮತ್ತು ಉಯಿಲಿನ ವ್ಯಾಜ್ಯಗಳನ್ನು 1857ರ ಕಾಯ್ದೆಗಳು ಅವುಗಳಿಂದ ಕಿತ್ತುಕೊಂಡವಾದರೂ, ವಿಚ್ಛೇದನ ಬಿಟ್ಟು ಉಳಿದ ವಿವಾಹ ಪ್ರಕರಣಗಳಲ್ಲಿ ಹಳೆಯ ಚರ್ಚ್ ತತ್ವಗಳನ್ನೇ ಅನುಸರಿಸುವಂತೆ ಹೊಸ ನ್ಯಾಯಾಲಯಕ್ಕೆ ಸೂಚಿಸಲಾಯಿತು. ಭಾರತದ ಕ್ರೈಸ್ತರಿಗೆ ಅನ್ವಯಿಸಿದ 1869ರ ವಿಚ್ಛೇದನ ಕಾಯ್ದೆಯು ಆ ಇಂಗ್ಲಿಷ್ ನ್ಯಾಯಾಲಯದ ತತ್ವಗಳನ್ನೇ ಇಲ್ಲಿನ ನ್ಯಾಯಾಲಯಗಳಿಗೆ ಮಾದರಿಯಾಗಿಸಿತು. ಅದರಂತೆ ಗಂಡನ ವ್ಯಭಿಚಾರವೊಂದನ್ನೇ ರುಜುವಾತುಪಡಿಸಿದ ಹೆಂಡತಿಗೆ ವಿಚ್ಛೇದನ ಸಿಗುತ್ತಿರಲಿಲ್ಲ. ಜೊತೆಗೆ ಕ್ರೌರ್ಯವನ್ನೋ ಪರಿತ್ಯಾಗವನ್ನೋ ಸಾಬೀತು ಮಾಡಬೇಕಿತ್ತು. ಈ ಅಸಮಾನತೆ ತೊಲಗಲು 2001ರ ತಿದ್ದುಪಡಿಯವರೆಗೆ ಕಾಯಬೇಕಾದದ್ದು ನೋವಿನ ಸಂಗತಿ.

ಚರ್ಚ್ ನ್ಯಾಯಮಂಡಳಿಗಳು ಮದುವೆಯನ್ನು ಅನೂರ್ಜಿತಗೊಳಿಸಿದರೆ ಅದಕ್ಕೆ ದೇಶದ ಕಾನೂನಿನಲ್ಲಿ ಮಾನ್ಯತೆ ಇಲ್ಲವೆಂದು ಸುಪ್ರೀಂ ಕೋರ್ಟ್ 1996ರಲ್ಲಿ ತೀರ್ಪಿತ್ತಿತು. ಮಾನ್ಯತೆ ಕೋರಿ ಕರ್ನಾಟಕದ ಕ್ಯಾಥೊಲಿಕ್ ಮುಖಂಡರೊಬ್ಬರು ಸಲ್ಲಿಸಿದ್ದ ಅರ್ಜಿಯನ್ನೂ 2017ರ ಜನವರಿಯಲ್ಲಿ ವಜಾಗೊಳಿಸಿತು. ಹೀಗಾಗಿ ಧರ್ಮಪ್ರಾಂತ್ಯದ ನ್ಯಾಯಮಂಡಳಿಯಲ್ಲಿ ತೀರ್ಮಾನ ಪಡೆದ ದಂಪತಿ, ಕಾನೂನಿನ ಪ್ರಕಾರ ಮರುಮದುವೆಯಾಗಬೇಕಾದರೆ, ಮತ್ತೊಬ್ಬ ವಕೀಲರನ್ನು ಹಿಡಿದು ದೇಶದ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಲೇಬೇಕಾಗಿದೆ.