ಸತ್ತವರಿಲ್ಲದ ಮನೆಗೆ ಸಾವಿನ ಹೂವು: ಕೆ-ಪಾಪ್ ಅಭಿಮಾನ ಇಲ್ಲಿಗೆ ಬಂದಿದ್ದು ಹೆಂಗೆ?

2024ರ ಅಕ್ಟೋಬರ್‌ನಲ್ಲಿ ಕೊರಿಯಾದ ಸೋಲ್‌ನಲ್ಲಿ, ಪಾಪ್ ಹಾಡಿನ ಗುಂಪುಗಳನ್ನ ಕಟ್ಟೋ ಎಸ್‌ಎಂ ಎಂಟರ್‌ಟೈನ್‌ಮೆಂಟ್ ಕಂಪನಿ ಆಫೀಸ್ ಮುಂದೆ ಹೂವಿನ ಹಾರಗಳು ಸಾಲಾಗಿ ಬಂದು ನಿಂತ್ವು, ಆಳೆತ್ತರದ ಸ್ಟ್ಯಾಂಡ್‌ಗಳಲ್ಲಿ, ಕೊರಿಯಾದಲ್ಲಿ ಸಾವಾದ ಕಡೆ ಕಳಿಸ್ತಾರಲ್ಲ ಅಂಥವು. ಸತ್ತವರು ಯಾರೂ ಇರ್ಲಿಲ್ಲ. ಆ ಕಂಪನಿಯ ರೈಜ್ ಅನ್ನೋ ಹಾಡಿನ ಗುಂಪಿನ ಸಂಗ್‌ಹಾನ್ ಅನ್ನೋ 21 ವರ್ಷದ ಹುಡುಗ, ಹೆಚ್ಚುಕಮ್ಮಿ ಒಂದು ವರ್ಷ ದೂರ ಇದ್ದವನು, ವಾಪಸ್ ಬರ್ತಾನೆ ಅಂತ ಕಂಪನಿ ಹೇಳಿತ್ತು ಅಷ್ಟೆ. ಅವನು ಬರೋದು ಬೇಡ ಅಂದ ಫ್ಯಾನ್ಸ್ ಕಳಿಸಿದ ಹೂವು ಅವು. ಡೆಬ್ಯೂಗೆ, ಅಂದ್ರೆ ಗುಂಪು ಮೊದಲ ಸಲ ಜನರ ಮುಂದೆ ಬರೋಕೆ ಮುಂಚೆ ಒಂದು ಹುಡುಗಿ ಜೊತೆಗಿದ್ದ ಖಾಸಗಿ ಫೋಟೋಗಳು ಲೀಕ್ ಆಗಿದ್ವು, ದೊಡ್ಡ ಗಲಾಟೆ ಶುರುವಾಗಿದ್ದೇ ಅಲ್ಲಿಂದ. 11ನೇ ತಾರೀಕು ಘೋಷಣೆ, 13ಕ್ಕೆ ಅವನು ಗುಂಪು ಬಿಟ್ಟಾಗಿತ್ತು. ಅದೇ ಗುಂಪಿನ ವಿದೇಶಿ ಫ್ಯಾನ್ಸ್ ಮಾತ್ರ ಅವನನ್ನ ವಾಪಸ್ ಕರ್ಕೊಳ್ಳಿ ಅಂತ ಬಾಯ್ಕಾಟ್‌ಗೆ ಇಳಿದ್ರು.

ಈ ಫ್ಯಾನ್ಸ್ ಬಗ್ಗೆ ಮಾತು ಬಂದ್ರೆ ಜನ ಎರಡು ಪಾರ್ಟಿ ಆಗ್ತಾರೆ. ಒಬ್ರಿಗೆ ಇದು ಬರೀ ಹುಚ್ಚು, ಇನ್ನೊಬ್ರಿಗೆ ಒಳ್ಳೇ ಕೆಲಸ ಮಾಡೋ ದೊಡ್ಡ ಸೈನ್ಯ. ನನ್ನ ಪ್ರಕಾರ ಎರಡೂ ನಿಜ, ಯಾಕಂದ್ರೆ ಎರಡೂ ಹುಟ್ಟಿದ್ದು ಒಂದೇ ಶಿಸ್ತಿಂದ, ಆ ಶಿಸ್ತನ್ನ ದುಡ್ಡು ಮಾಡ್ಕೊಂಡಿದ್ದು ಕಂಪನಿಗಳು.

1992ರ ಏಪ್ರಿಲ್‌ನಲ್ಲಿ ಕೊರಿಯಾದ ಗಾಯಕ ಸೊ ಟೇಜಿ ಮತ್ತವನ ಇಬ್ರು ಗೆಳೆಯರು ಟಿವಿಯಲ್ಲಿ ಹಾಡಿದಾಗ ಜಡ್ಜ್‌ಗಳು ಕಮ್ಮಿ ಮಾರ್ಕ್ಸ್ ಕೊಟ್ರು, ಹುಡುಗ್ರು ಹುಡುಗೀರು ಅದೇ ಹಾಡನ್ನ ತಲೆ ಮೇಲೆ ಹೊತ್ಕೊಂಡು ಮೆರೆಸಿದ್ರು. 1995ರಲ್ಲಿ ಅವರ ಒಂದು ಹಾಡಿನ ಸಾಲುಗಳನ್ನ ಬದಲಾಯಿಸಿ ಅಂತ ಸೆನ್ಸಾರ್‌ನವರು ಅಂದಾಗ ಅವರು ಬದಲಾಯಿಸೋ ಬದ್ಲು ಮಾತೇ ತೆಗೆದು ಬರೀ ಮ್ಯೂಸಿಕ್ ಬಿಟ್ರು. ಫ್ಯಾನ್ಸ್ ಸುಮ್ನಿರ್ಲಿಲ್ಲ. 1996ರಲ್ಲಿ ಹಾಡಿಗೆ ಮುಂಚಿತ ಸೆನ್ಸಾರ್ ಅನ್ನೋದೇ ಹೋಯ್ತು. ಈ ಕಥೆಯಲ್ಲಿ ನಂಗೆ ತುಂಬಾ ಇಷ್ಟವಾದ ಭಾಗ ಇದು.

ಅದೇ ವರ್ಷ ಲೀ ಸೂಮಾನ್ ಅವರ ಎಸ್‌ಎಂ, ಆರಿಸಿ ತರಬೇತಿ ಕೊಟ್ಟ ಐದು ಹುಡುಗರನ್ನ ಎಚ್‌ಒಟಿ ಅಂತ ಇಳಿಸ್ತು. ಇವರ ಫ್ಯಾನ್ಸ್‌ಗೆ ಬಿಳಿ ಬಲೂನು, ಎದುರಾಳಿ ಗುಂಪು ಜೆಕ್ಸ್ ಕೀಸ್‌ಗೆ ಹಳದಿ, ಬಣ್ಣ ನೋಡಿದ್ರೆ ಯಾವ ಮನೆಯವರು ಅಂತ ಗೊತ್ತಾಗೋದು, ಎರಡು ಕಡೆಯವ್ರಿಗೂ ಜಗಳ ಆಗೋದು. ಈಗ ಶೋಗಳಲ್ಲಿ ಫ್ಯಾನ್ಸ್ ಬೀಸೋ ದೀಪದ ಕೋಲು, ಲೈಟ್‌ಸ್ಟಿಕ್, ಆ ಬಲೂನಿನ ಮರಿಮಗಳು.

ಹಿಂಗೆ ಗುಂಪು ಕಟ್ಟೋ ಹುಡುಗಿ ಫ್ಯಾನ್ಸ್‌ಗೆ ಅಲ್ಲಿ 'ಓಪ್ಪಾ ಪಡೆ' ಅಂತ ಆಗಲೇ ಹೆಸರಿತ್ತು. ಓಪ್ಪಾ ಅಂದ್ರೆ ಹುಡುಗಿ ಬಾಯಲ್ಲಿ ಅಣ್ಣ, ಆದ್ರೆ ಪ್ರೀತಿಸೋ ಹುಡುಗನ್ನೂ ಹಂಗೇ ಕರೀತಾರೆ. ನಮ್ಮಲ್ಲಿ ಅಣ್ಣಾವ್ರು ಅಂದಾಗ ಆ ಎರಡನೇ ಅರ್ಥ ಹತ್ತಿರಕ್ಕೂ ಸುಳಿಯಲ್ಲ, ಅವರೂ ಅಭಿಮಾನಿಗಳನ್ನ ದೇವರು ಅಂತ ಕೈ ಮುಗಿದ್ರು. ಅಲ್ಲಿ ಆ ಎರಡನೇ ಅರ್ಥವನ್ನೇ ಮಾರಿದ್ರು. 'ಇವನು ನಿಂಗೆ ಸಿಗಬಹುದು' ಅನ್ನೋ ಭಾವನೆ ಉಳೀಬೇಕು ಅಂದ್ರೆ ಅವನಿಗೆ ಬೇರೆ ಯಾರೂ ಇರಬಾರದು, ಅದಕ್ಕೇ ಕಂಪನಿ ತಯಾರು ಮಾಡಿದ ಇಂಥ ತಾರೆಗಳಿಗೆ, ಅಂದ್ರೆ ಎಷ್ಟೋ ಐಡಲ್‌ಗಳಿಗೆ ಡೇಟಿಂಗ್ ಬ್ಯಾನ್.

2009ರಲ್ಲಿ ಎಸ್‌ಎಂನದೇ ಇನ್ನೊಂದು ಗುಂಪು ಟಿವಿಎಕ್ಸ್‌ಕ್ಯೂನ ಮೂವರು 13 ವರ್ಷದ ಕಾಂಟ್ರ್ಯಾಕ್ಟ್ ವಿರುದ್ಧ ಕೋರ್ಟಿಗೆ ಹೋದಾಗ ಫ್ಯಾನ್ಸ್ ಅವರ ಬೆನ್ನಿಗೆ ನಿಂತ್ರು. ಅದೇ ಹೊತ್ತಿಗೆ ವ್ಯಾಪಾರದಲ್ಲಿ ಅನ್ಯಾಯ ಆಗದಂಗೆ ನೋಡ್ಕೊಳ್ಳೋ ಅಲ್ಲಿನ ಸರ್ಕಾರಿ ಸಂಸ್ಥೆ ಫೇರ್ ಟ್ರೇಡ್ ಕಮಿಷನ್ 7 ವರ್ಷದ ಮಾದರಿ ಕಾಂಟ್ರ್ಯಾಕ್ಟ್ ತಂತು. ಶೋಗಳಿಗೆ ಹೂವಿನ ಹಾರದ ಬದ್ಲು ಅಕ್ಕಿ ಮೂಟೆ ಕಳ್ಸಿ ಆಮೇಲೆ ಅದನ್ನ ಬಡವರಿಗೆ ಹಂಚೋ ಪದ್ಧತಿಯೂ ಫ್ಯಾನ್ಸ್‌ದೇ. 2020ರ ಜೂನ್‌ನಲ್ಲಿ ಬಿಟಿಎಸ್ ಗುಂಪು ಮತ್ತು ಅವರ ಕಂಪನಿ, ಅಮೆರಿಕದ ಕಪ್ಪು ಜನರ ಪರ ಚಳವಳಿ ಬ್ಲ್ಯಾಕ್ ಲೈವ್ಸ್ ಮ್ಯಾಟರ್‌ಗೆ 10 ಲಕ್ಷ ಡಾಲರ್ ಕೊಟ್ಟಿದ್ದು ಗೊತ್ತಾಗಿ ಒಂದು ದಿನದಲ್ಲಿ ಆರ್ಮಿ, ಅಂದ್ರೆ ಅವರ ಫ್ಯಾನ್ಸ್, ಅಷ್ಟೇ ದುಡ್ಡು ಸೇರಿಸ್ತು. ಇದನ್ನ ಹುಚ್ಚು ಅನ್ನೋಕೆ ನಂಗೆ ಬಾಯಿ ಬರಲ್ಲ.

ಆದ್ರೆ ದುಡ್ಡಿನ ಲೆಕ್ಕ ನೋಡಿ. ಒಂದೇ ಆಲ್ಬಮ್‌ಗೆ ನಾಲ್ಕೈದು ವರ್ಷನ್, ಒಳಗೆ ಗುಂಪಿನಲ್ಲಿ ಯಾರ ಫೋಟೋಕಾರ್ಡ್ (ಚಿಕ್ಕ ಫೋಟೋ) ಇದೆ ಅಂತ ಒಡೆದು ನೋಡೋವರೆಗೂ ಗೊತ್ತಾಗಲ್ಲ, ಜಾಸ್ತಿ ಕೊಂಡ್ರೆ ಫ್ಯಾನ್‌ಸೈನ್, ಅಂದ್ರೆ ತಾರೆಯನ್ನ ಕಂಡು ಸಹಿ ತಗೊಳ್ಳೋ ಅವಕಾಶದ ಲಾಟರಿಯಲ್ಲಿ ಹೆಸರು ಬರೋ ಚಾನ್ಸ್ ಜಾಸ್ತಿ. 2023ರಲ್ಲಿ ಕೆ-ಪಾಪ್ ಆಲ್ಬಮ್ ಮಾರಾಟ 10 ಕೋಟಿ ಪ್ರತಿ ದಾಟಿತು, ಅದೂ ಸಿಡಿ ಪ್ಲೇಯರ್ ಇಲ್ಲದ ಮನೆಗಳಿಗೆ. ಆ ಪ್ಲಾಸ್ಟಿಕ್ ವಿರುದ್ಧ ದನಿ ಎತ್ತಿದ್ದೂ ಫ್ಯಾನ್ಸೇ, 2021ರಲ್ಲಿ ಶುರುವಾದ ಕೆಪಾಪ್‌ಫಾರ್‌ಪ್ಲಾನೆಟ್ ಅನ್ನೋ ಅವರ ಸಂಘಟನೆ.

ಹಿಂಗೆ ದುಡ್ಡು, ನಿದ್ದೆ, ಓಟು ಎಲ್ಲಾ ಸುರಿದವರಿಗೆ ಈ ಹುಡುಗ ನಾವು ಬೆಳೆಸಿದ್ದು ಅನ್ನಿಸುತ್ತೆ, ಅನ್ನಿಸಲಿ ಅಂತಾನೇ ಇಡೀ ವ್ಯವಸ್ಥೆ ಇರೋದು. 2024ರ ಫೆಬ್ರವರಿಯಲ್ಲಿ ಎಸ್‌ಎಂನ ಹುಡುಗೀರ ಗುಂಪು ಏಸ್ಪಾದ ಕರೀನಾ ಒಬ್ಬ ನಟನ ಜೊತೆ ಓಡಾಡ್ತಿರೋದು ಗೊತ್ತಾದಾಗ ಕಂಪನಿ ಮುಂದೆ ಎಲ್‌ಇಡಿ ಬೋರ್ಡ್ ಟ್ರಕ್ ಬಂತು, ಅವಳು ಕೈಯಲ್ಲಿ ಕ್ಷಮಾಪಣೆ ಪತ್ರ ಬರೆದಳು. ಪ್ರೀತಿಸಿದ್ದಕ್ಕೆ ಕ್ಷಮೆ! 2019ರಲ್ಲಿ ಆನ್‌ಲೈನ್‌ನಲ್ಲಿ ವರ್ಷಗಟ್ಟಲೆ ಬೈಸ್ಕೊಂಡಿದ್ದ ಗಾಯಕಿ ಸುಲ್ಲಿ, ಆಮೇಲೆ ಇನ್ನೊಬ್ಬ ಗಾಯಕಿ ಗೂ ಹಾರಾ, ಆರು ವಾರದೊಳಗೆ ಇಬ್ರೂ ತೀರ್ಕೊಂಡ್ರು, ಸುಲ್ಲಿ ಹೋದಾಗಿಂದ ಕೊರಿಯಾದ ದೊಡ್ಡ ಪೋರ್ಟಲ್‌ಗಳು ಒಂದೊಂದಾಗಿ ಸಿನಿಮಾ-ಟಿವಿ ಸುದ್ದಿಗಳ ಕೆಳಗೆ ಕಾಮೆಂಟ್ ಮುಚ್ಚಿದ್ವು. ಅದಾಗಿ ಐದು ವರ್ಷಕ್ಕೆ ಸಾವಿನ ಹೂವು ಬದುಕಿರೋ ಹುಡುಗನ ಹೆಸರಲ್ಲಿ ಬಂತು.

ಸಂಗ್‌ಹಾನ್ 2025ರಲ್ಲಿ ಅದೇ ಕಂಪನಿಯಿಂದ ಒಬ್ಬನೇ ಹಾಡುಗಾರನಾಗಿ ಬಂದ. ರೈಜ್ ಆರು ಜನದಲ್ಲೇ ಉಳೀತು. ಅವನನ್ನ ಕಳ್ಸಿದವರೂ, ಅವನಿಗಾಗಿ ಕಾದವರೂ, ಇಬ್ರೂ ತಮ್ಮನ್ನ ನಿಜವಾದ ಫ್ಯಾನ್ಸ್ ಅಂತಾನೇ ಅಂದ್ಕೊಂಡಿದ್ದಾರೆ.