ಶೂ ಬದಲಾದರೆ ಭಾರ ಎಲ್ಲಿಗೆ ಹೋಗುತ್ತದೆ?

ನೀವು ಓಡುವಾಗ ಹಾಕುವ ಹಳೆಯ ಶೂ ತಿರುಗಿಸಿ ನೋಡಿ. ಹಿಮ್ಮಡಿಯ ಹೊರ ಅಂಚು ಜಾಸ್ತಿ ಸವೆದಿದೆಯಾ? ಹಾಗಿದ್ದರೆ ನಿಮ್ಮ ಪಾದ ಬಹುಶಃ ಮೊದಲು ಅಲ್ಲೇ ನೆಲ ಮುಟ್ಟುತ್ತಿದೆ. ಶೂ ಹಾಕಿ ಓಡುವವರಲ್ಲಿ ಹೆಚ್ಚಿನವರು ಹೀಗೇ.

ಇದರಲ್ಲಿ ಶೂನ ಕೈವಾಡವೂ ಇದೆ. ಮಾಮೂಲಿ ಓಟದ ಶೂನಲ್ಲಿ ಹಿಮ್ಮಡಿಯ ಭಾಗ ಬೆರಳಿನ ಭಾಗಕ್ಕಿಂತ ಸುಮಾರು 10 ಮಿ.ಮೀ. ಎತ್ತರ. ಕೆಳಗೆ ಮೆತ್ತೆ ಬೇರೆ. ಹಿಮ್ಮಡಿ ಊರಿದರೂ ನೋವಾಗುವುದಿಲ್ಲ. ಬರಿಗಾಲಲ್ಲಿ ಗಟ್ಟಿ ನೆಲದ ಮೇಲೆ ಹಾಗೆ ಓಡಿ ನೋಡಿ, ನಾಲ್ಕು ಹೆಜ್ಜೆಗೇ ಬುದ್ಧಿ ಬರುತ್ತದೆ! 2010ರಲ್ಲಿ ಹಾರ್ವರ್ಡ್‌ನ ಡೇನಿಯಲ್ ಲೀಬರ್‌ಮನ್ ಮತ್ತು ಸಂಗಡಿಗರು, ಕೀನ್ಯಾದಲ್ಲಿ ಬರಿಗಾಲಲ್ಲೇ ಓಡಿ ಬೆಳೆದವರು ಹೆಚ್ಚಾಗಿ ಪಾದದ ಮುಂಭಾಗ ಊರುತ್ತಾರೆ ಎಂದು ತೋರಿಸಿದರು. ಹಿಮ್ಮಡಿ ಊರಿದಾಗ ಬೀಳುವ ಮೊದಲ ಚುರುಕು ಹೊಡೆತ ಅವರಲ್ಲಿ ಕಾಣಲೇ ಇಲ್ಲ ಎನ್ನುವಷ್ಟು ಕಡಿಮೆ.

ಸರಿ, ಬರಿಗಾಲಿನಂತೆಯೇ ಓಡಲು ಬಿಡುವ ತೆಳು ಅಟ್ಟೆಯ ಶೂಗಳು ಸಿಕ್ಕಾಪಟ್ಟೆ ಜನಪ್ರಿಯವಾದವು. ಆದರೆ ಓಡುವಾಗ ಪ್ರತಿ ಹೆಜ್ಜೆಗೂ ದೇಹದ ತೂಕದ ಎರಡರಿಂದ ಮೂರು ಪಟ್ಟು ಬಲ ಬೀಳುತ್ತದೆ. ಅದನ್ನು ಯಾರಾದರೂ ಹೊರಲೇಬೇಕು ಅಲ್ವಾ? ಮುಂಗಾಲು ಊರಿದಾಗ ಹಿಮ್ಮಡಿಯನ್ನು ನಿಧಾನವಾಗಿ ಕೆಳಗಿಳಿಸುವ ಕೆಲಸ ಮೀನಖಂಡಕ್ಕೂ ಅದನ್ನು ಹಿಮ್ಮಡಿಗೆ ಕಟ್ಟುವ ಅಕಿಲಿಸ್ ಸ್ನಾಯುರಜ್ಜುವಿಗೂ ಬೀಳುತ್ತದೆ. ಮಂಡಿಗೆ ಹಗುರ, ಮೀನಖಂಡಕ್ಕೆ ಭಾರ. ಬೆರಳುಗಳ ಹಿಂದಿರುವ ಉದ್ದ ಮೂಳೆಗಳಿಗೂ ಪೆಟ್ಟು ಜಾಸ್ತಿ. 2013ರ ಒಂದು ಅಧ್ಯಯನದಲ್ಲಿ 10 ವಾರಗಳಲ್ಲಿ ಇಂಥ ಶೂಗೆ ಬದಲಾದವರ ಪಾದಗಳನ್ನು ಎಂಆರ್‌ಐನಲ್ಲಿ ನೋಡಿದರು. ಹಲವರ ಮೂಳೆಯೊಳಗೆ ಊತ ಕಂಡಿತು. ಸ್ನಾಯು ಬೇಗ ಹೊಂದಿಕೊಳ್ಳುತ್ತದೆ, ಮೂಳೆಗೆ ತಿಂಗಳುಗಳೇ ಬೇಕು.

ಹಾಗಂತ ದಪ್ಪ ಮೆತ್ತೆ ಹಾಕಿದರೆ ಎಲ್ಲ ಸರಿಹೋಯಿತು ಅಂತಲೂ ಅಲ್ಲ. ನೆಲ ಮೆತ್ತಗಾದರೆ ಕಾಲು ತಾನೇ ಬಿಗಿಯಾಗುತ್ತದೆ, ಗಟ್ಟಿಯಾದರೆ ಸಡಿಲವಾಗುತ್ತದೆ. ಯಾರೂ ಹೇಳಿಕೊಡಬೇಕಿಲ್ಲ, ಹೊಸ ನೆಲದ ಮೇಲಿನ ಮೊದಲ ಹೆಜ್ಜೆಯಲ್ಲೇ ಇದು ಆಗಿಹೋಗಿರುತ್ತದೆ. ಹಾಗಾಗಿ ಅಂಗಡಿಯಲ್ಲಿ ಬೆರಳಿಂದ ಒತ್ತಿ ನೋಡಿದ ಮೆತ್ತನೆಯಷ್ಟೂ ಮಂಡಿಗೆ ಸಿಗುವುದಿಲ್ಲ.

ಅಟ್ಟೆಯೊಳಗೆ ಗಟ್ಟಿ ಕಾರ್ಬನ್ ಹಾಳೆ ಕೂರಿಸಿದ ಕಾರ್ಬನ್ ಪ್ಲೇಟ್ ಶೂಗಳದ್ದು ಬೇರೆಯೇ ಕಥೆ. 2017ರಲ್ಲಿ ಬಂದ ನೈಕಿ ವೇಪರ್‌ಫ್ಲೈ, ಅದೇ ವೇಗದ ಓಟಕ್ಕೆ ಬೇಕಾದ ಶಕ್ತಿಯನ್ನು ಸರಾಸರಿ 4% ಉಳಿಸಿತು. ಎಲ್ಲರೂ ಪ್ಲೇಟ್‌ ಅನ್ನೇ ಹೊಗಳುತ್ತಾರೆ. ನನ್ನ ಪ್ರಕಾರ ದೊಡ್ಡ ಪಾಲು ಅಟ್ಟೆಯ ಮೆತ್ತೆಯಾದ ಫೋಮ್‌ನದು: ಒತ್ತಿದ ಶಕ್ತಿಯಲ್ಲಿ ಬಹುಪಾಲನ್ನು ಅದು ವಾಪಸ್ ಕೊಡುತ್ತದೆ. ಪ್ಲೇಟ್ ಮುಖ್ಯವಾಗಿ ಹೆಬ್ಬೆರಳ ಬುಡದ ಕೀಲು ಜಾಸ್ತಿ ಬಾಗದಂತೆ ಹಿಡಿಯುತ್ತದೆ. 2020ರಲ್ಲಿ ಅಥ್ಲೆಟಿಕ್ಸ್‌ನ ಜಾಗತಿಕ ಆಡಳಿತ ಸಂಸ್ಥೆ ವರ್ಲ್ಡ್ ಅಥ್ಲೆಟಿಕ್ಸ್ ಅಳತೆಪಟ್ಟಿ ಹಿಡಿಯಿತು: ರಸ್ತೆ ಓಟದ ಶೂಗೆ ಒಂದೇ ಪ್ಲೇಟ್, ಅಟ್ಟೆಯ ದಪ್ಪ 40 ಮಿ.ಮೀ. ಮೀರುವಂತಿಲ್ಲ.